ಫೈರ್ ಅಪ್ಪ, ಗ್ರಾಸ್ ಅಮ್ಮ, ಬಗ್ ಮಗ

ಗೋಣಿಕೊಪ್ಪಲಿನಲ್ಲಿ ನಡೆದ ಮಕ್ಕಳ ಬೇಸಿಗೆ ಶಿಬಿರದಲ್ಲಿ ಮಕ್ಕಳು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ

ಸಿಟ್ಟಿನ ಮನುಷ್ಯನನ್ನು ನಾವು ಬೆಂಕಿ ಅನ್ನುತ್ತೇವೆ. ಯಾರು ಅತ್ತರೂ ಕರಗದವನದು ಕಲ್ಲೆದೆ. ಬೇಗ ಕರಗುವವರದು ಬೆಣ್ಣೆಯಂಥ ಮನಸ್ಸು. ಮನುಷ್ಯರ ಗುಣಕ್ಕೆ ಬೆಂಕಿ, ನೀರು, ಕಲ್ಲು, ಗಾಳಿಯ ಹೆಸರು ಕೊಡುವುದು ಇವತ್ತಿನ ಮಕ್ಕಳು ಶುರು ಮಾಡಿದ ಆಟ ಅಲ್ಲ. ಆಯುರ್ವೇದದ ವಾತ, ಪಿತ್ತ, ಕಫ ಕೂಡ ಇದೇ ದಾರಿಯವು. ಹಳೆಯ ಗ್ರೀಕ್ ವೈದ್ಯರು ದೇಹದಲ್ಲಿ ನಾಲ್ಕು ರಸಗಳಿವೆ, ಯಾವುದು ಜಾಸ್ತಿಯೋ ಅದರಂತೆ ಸ್ವಭಾವ ಅಂದರು. ಹಾಗಾಗಿ ಪೋಕೆಮಾನ್ ಎಂಬ ವಿಡಿಯೊ ಆಟ ಆಡುವ ನಿಮ್ಮ ಮಗಳು ಊಟಕ್ಕೆ ಕೂತಾಗ ‘ಅಮ್ಮಾ, ನೀನು ಫೈರ್ ಟೈಪ್, ನಾನು ವಾಟರ್ ಟೈಪ್’ ಅಂದರೆ ಗಾಬರಿಯಾಗಬೇಡಿ. ಅವಳು ನಿಮ್ಮ ಅಜ್ಜಿ ಮಾಡುತ್ತಿದ್ದದ್ದನ್ನೇ ಮಾಡುತ್ತಿದ್ದಾಳೆ.

ನಾನು ಈ ವಿಷಯಕ್ಕೆ ಬಂದದ್ದು ಒಂದು ನೋಟ್‌ಬುಕ್ಕಿನಿಂದ. ಕೊಡಗಿನ ಜುಲೈ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಮರ ಬೀಳುತ್ತದೆ, ಕಂಬ ಬೀಳುತ್ತದೆ, ಕರೆಂಟ್ ಹೋದರೆ ನಾಲ್ಕು ದಿನ ಬರುವುದಿಲ್ಲ. ಶಾಲೆಗೆ ಮಳೆ ರಜೆ. ಮೊಬೈಲಿನ ಚಾರ್ಜ್ ಮುಗಿದ ಮೇಲೆ ಮಕ್ಕಳು ಏನು ಮಾಡಬೇಕು? ಅಂಥ ಒಂದು ರಜೆ ಮುಗಿದ ವಾರ ನಾನು ಏಳನೇ ಕ್ಲಾಸಿನ ವಿಜ್ಞಾನದ ನೋಟ್ಸ್ ತಿದ್ದುತ್ತಿದ್ದೆ. ಒಬ್ಬ ಹುಡುಗನ ಪುಸ್ತಕದ ಕೊನೆಯ ಪುಟದಲ್ಲಿ ಅಡ್ಡ 18, ಉದ್ದ 18 ಮನೆಗಳ ಒಂದು ಕೋಷ್ಟಕ. ಒಳಗೆ ಎರಡು, ಒಂದು, ಅರ್ಧ, ಸೊನ್ನೆ. ಒಟ್ಟು 324 ಚೌಕಗಳನ್ನು ನೆನಪಿನಿಂದಲೇ ತುಂಬಿದ್ದ. ಗುಣಾಕಾರದ ಮಗ್ಗಿ ನೆನಪಿಲ್ಲ ಅನ್ನುತ್ತಿದ್ದ ಹುಡುಗ ಅವನು.

ಪಕ್ಕದಲ್ಲಿ ಹೆಸರುಗಳಿದ್ದವು. ಫೈರ್ ಮುಂದೆ ಅಪ್ಪ. ಗ್ರಾಸ್ ಮುಂದೆ ಅಮ್ಮ. ಸ್ಟೀಲ್ ಮುಂದೆ ನಾನು. ಬಗ್ ಮುಂದೆ ಅವನದೇ ಹೆಸರು. ಬಗ್ ಅಂದರೆ ಹುಳ.

‘ಇದೇನೋ?’ ಅಂದೆ.

‘ಪೋಕೆಮಾನ್ ಟೈಪ್ ಚಾರ್ಟ್, ಟೀಚರ್.’

‘ನೀನ್ಯಾಕೆ ಹುಳ?’

‘ಅಪ್ಪ ಫೈರ್ ಅಲ್ವಾ ಟೀಚರ್. ಅವರು ಬೈದ್ರೆ ನನಗೆ ಡಬಲ್ ತಾಗುತ್ತೆ. ನಾನು ತಿರುಗಿ ಏನಾದ್ರೂ ಅಂದ್ರೆ ಅವರಿಗೆ ಅರ್ಧ ಮಾತ್ರ ತಾಗೋದು.’

‘ಅಮ್ಮ?’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಅಮ್ಮ ಗ್ರಾಸ್. ನಾನು ಅಂದಿದ್ದು ಅಮ್ಮನಿಗೆ ಡಬಲ್ ತಾಗುತ್ತೆ.’

ಆ ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ. ಅವನನ್ನೂ ಅವನ ಅಪ್ಪ ಅಮ್ಮನನ್ನೂ ಕೇಳಿಯೇ ಇದನ್ನು ನಿಮಗೆ ಹೇಳುತ್ತಿದ್ದೇನೆ. ಅವನು ನನ್ನನ್ನು ಸ್ಟೀಲ್ ಅಂತ ಯಾಕೆ ಬರೆದ ಅಂತ ಅವತ್ತು ರಾತ್ರಿ ಹುಡುಕಿ ನೋಡಿದೆ. ಹುಳದ ಹೊಡೆತ ಸ್ಟೀಲಿಗೂ ಅರ್ಧವೇ ತಾಗುತ್ತದೆ. ಅಂದರೆ ಇವನ ಮಾತು ನನಗೂ ಮುಟ್ಟುವುದಿಲ್ಲ ಅಂತ ಅವನ ಲೆಕ್ಕ. ಆ ಸಂಖ್ಯೆ ನನಗೆ ತಾಗಿತು.

ಹಿರಿಯರಿಗೆ ಆಟದ ಬಗ್ಗೆ ಎರಡು ಮಾತು ಹೇಳಬೇಕು. ಪೋಕೆಮಾನ್ ಶುರುವಾದದ್ದು 1996ರ ಫೆಬ್ರವರಿಯಲ್ಲಿ, ಜಪಾನಿನಲ್ಲಿ. ಗೇಮ್ ಬಾಯ್ ಅಂತ ಕೈಯಲ್ಲಿ ಹಿಡಿದು ಆಡುವ ಯಂತ್ರ ಇತ್ತು, ಅದಕ್ಕೆ ಬಂದ ಆಟ. ಮಾಡಿದವರು ಸತೋಶಿ ತಾಜಿರಿ. ಅವರಿಗೆ ಚಿಕ್ಕಂದಿನಲ್ಲಿ ಹುಳ ಹಿಡಿಯುವ ಹುಚ್ಚು. ಟೋಕಿಯೋ ಪಕ್ಕದ ಅವರ ಊರು ಬೆಳೆಯುತ್ತಾ ಹೋದ ಹಾಗೆ ಹುಳ ಸಿಗುವ ಜಾಗಗಳು ಕಾಣೆಯಾದವು. ಜೀವಿಗಳನ್ನು ಹುಡುಕಿ, ಹಿಡಿದು, ಸ್ನೇಹಿತರ ಜೊತೆ ಅದಲುಬದಲು ಮಾಡಿಕೊಳ್ಳುವ ಆ ಸಂತೋಷ ಊರಿನ ಮಕ್ಕಳಿಗೂ ಸಿಗಲಿ ಅಂತ ಅವರು ಈ ಆಟ ಕಟ್ಟಿದರು. ಹಿಡಿದ ಜೀವಿಗಳನ್ನು ಒಂದರ ಎದುರು ಒಂದು ಕಾದಾಡಿಸಬಹುದು. ಪ್ರತಿ ಜೀವಿಗೂ ಬೆಂಕಿ, ನೀರು, ಗಿಡದಂಥ ಒಂದೋ ಎರಡೋ ಬಗೆ ಇರುತ್ತದೆ, ಅದೇ ಟೈಪ್. ಮೊದಲ ಆಟದಲ್ಲಿ 151 ಜೀವಿಗಳು, 15 ಟೈಪ್‌ಗಳು. 1999ರಲ್ಲಿ ಡಾರ್ಕ್ ಮತ್ತು ಸ್ಟೀಲ್ ಸೇರಿದವು. 2013ರಲ್ಲಿ ಫೇರಿ ಬಂತು. ಈಗ ಒಟ್ಟು 18.

ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಗಿಡವನ್ನು ಸುಡುತ್ತದೆ, ಗಿಡ ನೀರನ್ನು ಹೀರುತ್ತದೆ. ಬಲ ಇದ್ದ ಕಡೆ ಹೊಡೆತ ಎರಡು ಪಟ್ಟು, ಇಲ್ಲದ ಕಡೆ ಅರ್ಧ. ಕೆಲವು ಕಡೆ ಸೊನ್ನೆ. ಗ್ರೌಂಡ್ ಟೈಪ್, ಅಂದರೆ ನೆಲ, ಅದಕ್ಕೆ ಎಲೆಕ್ಟ್ರಿಕ್ ಹೊಡೆತ ತಾಗುವುದೇ ಇಲ್ಲ. ಸಿಡಿಲಿನ ಭಯಕ್ಕೆ ಮನೆಗೆ ಅರ್ಥಿಂಗ್ ಹಾಕಿಸಿದ ನಿಮಗೆ ಇದು ಬೇಗ ಅರ್ಥವಾಗುತ್ತದೆ.

ಆ ನೋಟ್‌ಬುಕ್ ನೋಡಿದ ಮೇಲೆ ನಾನೂ ಹತ್ತಿರದವರನ್ನು ಟೈಪ್‌ಗಳ ಜೊತೆ ಹೊಂದಿಸಿ ನೋಡತೊಡಗಿದೆ. ಸುಮ್ನೆ ಹೆಸರು ಹಚ್ಚುವುದಕ್ಕಲ್ಲ. ಕೋಷ್ಟಕ ಏನು ಹೇಳುತ್ತದೆ ಅಂತ ಓದುತ್ತಾ ಹೊಂದಿಸಿದೆ.

ಫೈರ್ ಅಂದರೆ ಸಿಟ್ಟು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೋಷ್ಟಕ ಹಾಗೆ ಹೇಳುವುದಿಲ್ಲ. ಫೈರ್ ಗೆಲ್ಲುವುದು ಗ್ರಾಸ್, ಬಗ್, ಐಸ್ ಮತ್ತು ಸ್ಟೀಲ್ ಮೇಲೆ. ಕೊನೆಯ ಎರಡನ್ನು ಗಮನಿಸಿ. ಹೆಪ್ಪುಗಟ್ಟಿದವರನ್ನು ಕರಗಿಸುವುದು, ಗಟ್ಟಿಯಾಗಿ ಹೋದವರನ್ನು ಬಗ್ಗಿಸುವುದು ಬೆಂಕಿಯ ಕೆಲಸ. ಸಭೆಯಲ್ಲಿ ಎಲ್ಲರೂ ಬಾಯಿ ಮುಚ್ಚಿ ಕೂತಾಗ ಒಬ್ಬರು ಎದ್ದು ಮಾತಾಡುತ್ತಾರಲ್ಲ, ಅವರು ಫೈರ್. ಮಡಿಕೇರಿಯ ಡಿಸೆಂಬರ್ ರಾತ್ರಿಯಲ್ಲಿ ಬೆಂಕಿಯನ್ನು ಯಾರಾದರೂ ಬೈಯುತ್ತಾರಾ? ಅದೇ ಬೆಂಕಿ ಎಳೆಯ ಗಿಡದ ಬುಡಕ್ಕೆ ಬಂದರೆ ಮಾತ್ರ ಕಷ್ಟ.

ವಾಟರ್ ಬಗ್ಗೆ ಕಾವೇರಿಯ ನಾಡಿನವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ತಲಕಾವೇರಿಯ ಕುಂಡಿಕೆಯಲ್ಲಿ ಇರುವುದು ಒಂದು ಬೊಗಸೆ. ದುಬಾರೆಗೆ ಬರುವಷ್ಟರಲ್ಲಿ ಆನೆ ಮೀಯುವಷ್ಟು. ವಾಟರ್ ಜನ ಯಾವ ಪಾತ್ರೆಗೆ ಹಾಕಿದರೂ ಹೊಂದಿಕೊಳ್ಳುತ್ತಾರೆ. ಹೊಂದಿಕೊಳ್ಳುವವರು ದುರ್ಬಲರು ಅಂತ ಅಂದುಕೊಳ್ಳಬೇಡಿ. ಫೈರ್, ರಾಕ್, ಗ್ರೌಂಡ್ ಮೂರರ ಮೇಲೂ ಅವರದು ಎರಡು ಪಟ್ಟು. ಆದರೆ ವಾಟರ್ ಸೋಲುವುದು ಯಾರ ಮುಂದೆ ನೋಡಿ. ಒಂದು, ಎಲೆಕ್ಟ್ರಿಕ್. ಇನ್ನೊಂದು, ಗ್ರಾಸ್. ಸದ್ದಿಲ್ಲದೆ ಹೀರುವ ಗಿಡ. ಮನೆಯಲ್ಲಿ ಎಲ್ಲರಿಗೂ ಒದಗುವ ಒಬ್ಬ ಅಕ್ಕನೋ ಅತ್ತಿಗೆಯೋ ಇರುತ್ತಾರೆ. ಜಗಳ ಮಾಡುವವರು ಅವರನ್ನು ಸುಸ್ತು ಮಾಡುವುದಿಲ್ಲ. ಒಳ್ಳೆಯ ಮಾತಾಡುತ್ತಲೇ ದಿನಾ ಸ್ವಲ್ಪ ಸ್ವಲ್ಪ ಹೀರುವವರು ಸುಸ್ತು ಮಾಡುತ್ತಾರೆ. ಈ ಒಂದು ಚೌಕ ಓದಿದ ದಿನ ನನ್ನ ಅಕ್ಕನಿಗೆ ಫೋನ್ ಮಾಡಿದೆ. ನಾನು ಅವಳ ಪಾಲಿಗೆ ಗ್ರಾಸ್ ಆಗಿದ್ದೆ.

ಸ್ಟೀಲ್ ನನ್ನ ಹೆಸರಿನ ಮುಂದೆ ಇದ್ದದ್ದು. ಹತ್ತು ಟೈಪ್‌ಗಳ ಹೊಡೆತ ಅದಕ್ಕೆ ಅರ್ಧ ಮಾತ್ರ ತಾಗುತ್ತದೆ, ವಿಷ ತಾಗುವುದೇ ಇಲ್ಲ. ಯಾರು ಏನು ಚಾಡಿ ಹೇಳಿದರೂ ಅಲುಗಾಡದವರು ಇವರು. ಮೇಷ್ಟರುಗಳಲ್ಲಿ, ನರ್ಸ್‌ಗಳಲ್ಲಿ ಇಂಥವರು ಬಹಳ. ಕೆಲಸವೇ ಹಾಗೆ ಮಾಡಿಬಿಡುತ್ತದೆ. ಆದರೆ ಗ್ರಾಸ್, ಬಗ್, ಫೇರಿ ಇವು ಕೂಡ ಆ ಹತ್ತರಲ್ಲಿವೆ. ಮೆದುವಾಗಿ ಬಂದ ಮಾತೂ ಅರ್ಧವೇ ಒಳಗೆ ಹೋಗುತ್ತದೆ.

ಡ್ರ್ಯಾಗನ್ ಮತ್ತು ಘೋಸ್ಟ್ ಒಂದು ವಿಚಿತ್ರ ಜೋಡಿ. ತಮ್ಮದೇ ಜಾತಿಯ ಮೇಲೆ ಎರಡು ಪಟ್ಟು ಏಟು ಕೊಡುವುದು 18ರಲ್ಲಿ ಈ ಎರಡು ಮಾತ್ರ. ಒಂದೇ ಐನ್‌ಮನೆಯಲ್ಲಿ, ಅಂದರೆ ಕೊಡವರ ಮೂಲಮನೆಯಲ್ಲಿ, ಇಬ್ಬರು ಹಟದ ಅಣ್ಣತಮ್ಮಂದಿರು ಇದ್ದರೆ ಡ್ರ್ಯಾಗನ್ ಅರ್ಥವಾಗುತ್ತದೆ. ಹೊರಗಿನವರ ಮುಂದೆ ಇಬ್ಬರೂ ಗಟ್ಟಿ. ತೋಟದ ಬೇಲಿಯ ವಿಷಯ ಬಂದರೆ ಇಬ್ಬರಿಗೂ ಗಾಯ. ಸೈಕಿಕ್ ಅಂದರೆ ತಲೆಯಲ್ಲೇ ಬದುಕುವವರು. ಅವರನ್ನು ಸೋಲಿಸುವುದು ಹುಳ, ದೆವ್ವ, ಕತ್ತಲು. ಮೂರೂ ಮನಸ್ಸಿನ ಭಯಗಳು ಅಂತ ಆಟಗಾರರು ಹೇಳುತ್ತಾರೆ, ನನಗೂ ಅದು ಸರಿ ಅನ್ನಿಸುತ್ತದೆ. ಐಸ್, ರಾಕ್, ಫ್ಲೈಯಿಂಗ್ ಮುಂತಾದವನ್ನು ನೀವೇ ಹೊಂದಿಸಿಕೊಳ್ಳಿ, ಅವುಗಳಲ್ಲಿ ಕಷ್ಟ ಇಲ್ಲ.

ನಾರ್ಮಲ್ ಟೈಪ್ ಬಗ್ಗೆ ಮಾತ್ರ ನಿಂತು ಹೇಳಬೇಕು. ನಾನು ಯಾವ ಕ್ಲಾಸಿನಲ್ಲಿ ಕೇಳಿದರೂ ‘ನಾನು ನಾರ್ಮಲ್’ ಅಂತ ಯಾರೂ ಕೈ ಎತ್ತುವುದಿಲ್ಲ. ಯಾಕೆಂದರೆ ನಾರ್ಮಲ್ ಹೊಡೆತ ಯಾರ ಮೇಲೂ ಎರಡು ಪಟ್ಟು ಆಗುವುದಿಲ್ಲ. ಮಿಂಚುವ ಒಂದು ಚೌಕವೂ ಇಲ್ಲ. ಆದರೆ ಆ ಸಾಲನ್ನು ಇನ್ನೊಂದು ಕಡೆಯಿಂದ ಓದಿ. ನಾರ್ಮಲ್‌ಗೆ ದೌರ್ಬಲ್ಯ ಒಂದೇ, ಫೈಟಿಂಗ್. ದೆವ್ವ ಅದನ್ನು ಮುಟ್ಟುವುದೇ ಇಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ನಾನು ಒಂದು ಪರಿಹಾರ ಕೇಂದ್ರದಲ್ಲಿ ಕೆಲವು ದಿನ ಕೆಲಸ ಮಾಡಿದೆ. ಅಲ್ಲಿ ನಮ್ಮ ಸಹೋದ್ಯೋಗಿ ಒಬ್ಬರು ಬಂದಿದ್ದರು. ಸ್ಟಾಫ್ ರೂಮಿನಲ್ಲಿ ಅವರು ಇದ್ದಾರೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ, ಅಷ್ಟು ಸಾಧಾರಣ. ಅಲ್ಲಿ ಕಿರುಚಾಟ, ಅಳು, ಗಾಳಿಸುದ್ದಿ. ಇನ್ನೊಂದು ಗುಡ್ಡ ಬಿತ್ತಂತೆ, ಅಣೆಕಟ್ಟು ಒಡೆಯಿತಂತೆ ಅಂತ ಗಂಟೆಗೊಂದು ಮಾತು. ಅವರು ಒಂದು ಪುಸ್ತಕ ಹಿಡಿದು ಅಕ್ಕಿ ಎಷ್ಟು, ಕಂಬಳಿ ಎಷ್ಟು, ಯಾರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಬೇಕು ಅಂತ ಬರೆಯುತ್ತಾ ಕೂತರು. ಮೂರು ದಿನ. ದೆವ್ವದಂಥ ಸುದ್ದಿ ಯಾವುದೂ ಅವರಿಗೆ ತಾಗಲಿಲ್ಲ. ಅವತ್ತಿನಿಂದ ನಾರ್ಮಲ್ ಟೈಪನ್ನು ಯಾರಾದರೂ ಹಗುರವಾಗಿ ಆಡಿದರೆ ನನಗೆ ಕೋಪ ಬರುತ್ತದೆ.

ದೊಡ್ಡ ಮಕ್ಕಳು ಇನ್ನೊಂದು ಕೇಳುತ್ತೀರಿ. ‘ಟೀಚರ್, ನಾನು ಐಎನ್‌ಎಫ್‌ಪಿ, ನನ್ನದು ಯಾವ ಟೈಪ್?’ ಅಂತ. ಇದು ಮೈಯರ್ಸ್-ಬ್ರಿಗ್ಸ್ ಎಂಬ ಪರೀಕ್ಷೆ ಒಂದು ಬಗೆಯ ಸ್ವಭಾವಕ್ಕೆ ಕೊಡುವ ಹೆಸರು. ಕಾರ್ಲ್ ಯೂಂಗ್ ಎಂಬ ಮನಶ್ಶಾಸ್ತ್ರಜ್ಞ 1921ರಲ್ಲಿ ಮನಸ್ಸಿನ ಬಗೆಗಳ ಬಗ್ಗೆ ಬರೆದರು. ಅದನ್ನು ಓದಿ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಒಂದು ಪ್ರಶ್ನಾವಳಿ ಮಾಡಿದರು. ಜನರ ನಡುವೆ ಹುರುಪು ಬರುತ್ತದೋ, ಒಬ್ಬರೇ ಇದ್ದಾಗಲೋ? ಕಣ್ಣೆದುರಿನ ವಿವರ ನೋಡುತ್ತೀರೋ, ಒಟ್ಟು ಚಿತ್ರವೋ? ತರ್ಕದಿಂದ ತೀರ್ಮಾನವೋ, ಮನಸ್ಸಿನಿಂದಲೋ? ಮೊದಲೇ ಯೋಜನೆಯೋ, ಬಂದಂತೆಯೋ? ಎರಡರ ಹಾಗೆ ನಾಲ್ಕು ಜೋಡಿ, 16 ಬಗೆ. 16 ಬಗೆಗಳನ್ನು 18 ಟೈಪ್‌ಗಳಿಗೆ ಹೊಂದಿಸಿದರೆ ಎರಡು ಉಳಿಯುತ್ತವೆ, ಆದರೆ ನನ್ನ ತಕರಾರು ಅದಲ್ಲ. ಮನುಷ್ಯರು ಎರಡು ಡಬ್ಬಿಗಳಲ್ಲಿ ಇರುವುದಿಲ್ಲ. ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ. ಅದಕ್ಕೇ ಕೆಲವು ವಾರ ಬಿಟ್ಟು ಅದೇ ಪರೀಕ್ಷೆ ಬರೆದರೆ ಬಹಳ ಜನರಿಗೆ ಬೇರೆ ಉತ್ತರ ಬರುತ್ತದೆ. ಇವತ್ತು ಸಂಶೋಧಕರು ಜಾಸ್ತಿ ಬಳಸುವುದು ಐದು ಗುಣಗಳ ಅಳತೆಯನ್ನು. ಅದರಲ್ಲಿ ಡಬ್ಬಿ ಇಲ್ಲ, ಪ್ರತಿ ಗುಣವೂ ಕಡಿಮೆಯಿಂದ ಜಾಸ್ತಿಯವರೆಗೆ ಒಂದು ಅಳತೆಪಟ್ಟಿ.

ಇನ್ನೊಂದು ಪ್ರಯೋಗ ನೆನಪಿಡಿ. 1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ ‘ಇದು ನಿನ್ನ ಸ್ವಭಾವ’ ಅಂತ ಒಂದು ಹಾಳೆ ಕೊಟ್ಟರು. ಎಷ್ಟು ಸರಿ ಇದೆ, ಐದರಲ್ಲಿ ಅಂಕ ಕೊಡಿ ಅಂದರು. ಸರಾಸರಿ ನಾಲ್ಕಕ್ಕಿಂತ ಜಾಸ್ತಿ ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ‘ಹೊರಗೆ ಗಟ್ಟಿ, ಒಳಗೆ ಅಳುಕು’ ಅಂದರೆ ಯಾರಿಗೆ ಅನ್ವಯಿಸುವುದಿಲ್ಲ ಹೇಳಿ? ಮೊಬೈಲಿನಲ್ಲಿ ‘ನೀವು ಯಾವ ಪೋಕೆಮಾನ್’ ಅಂತ ಬರುವ ಪ್ರಶ್ನೆಗಳೂ ಹೀಗೆಯೇ ಕೆಲಸ ಮಾಡುತ್ತವೆ. ಆಡಿ, ಬೇಡ ಅನ್ನುವುದಿಲ್ಲ. ಉತ್ತರವನ್ನು ಹಣೆಗೆ ಅಂಟಿಸಿಕೊಳ್ಳಬೇಡಿ.

ಆಟವನ್ನು ಮಾಡಿದವರೇ ಇದನ್ನು ಅರ್ಥ ಮಾಡಿಕೊಂಡಿದ್ದಾರೆ ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ. 2002ರಲ್ಲಿ ಬಂದ ರೂಬಿ ಮತ್ತು ಸಫೈರ್ ಆಟಗಳಲ್ಲಿ ಪ್ರತಿ ಜೀವಿಗೂ ನೇಚರ್ ಅಂತ ಒಂದು ಸ್ವಭಾವ ಕೊಟ್ಟರು. 25 ಬಗೆ. ನಾಚಿಕೆಯದು, ಹಟದ್ದು, ಧೈರ್ಯದ್ದು, ಅವಸರದ್ದು. ಅದು ಒಂದು ಶಕ್ತಿಯನ್ನು ನೂರಕ್ಕೆ ಹತ್ತು ಹೆಚ್ಚಿಸಿ ಇನ್ನೊಂದನ್ನು ಹತ್ತು ಇಳಿಸುತ್ತದೆ. ಐದು ಬಗೆಗಳಲ್ಲಿ ಮಾತ್ರ ಏರಿಳಿತ ಇಲ್ಲ. ಈಗ ನೋಡಿ, ಟೈಪೇ ಬೇರೆ, ಸ್ವಭಾವವೇ ಬೇರೆ. ಫೈರ್ ಟೈಪಿನ ಚಾರ್ಮ್ಯಾಂಡರ್ ಎಂಬ ಜೀವಿ ಅಂಜುಬುರುಕ ಆಗಿರಬಹುದು. ಅದೇ ಫೈರ್ ಟೈಪಿನ ಇನ್ನೊಂದು ಚಾರ್ಮ್ಯಾಂಡರ್ ಶಾಂತವಾಗಿರಬಹುದು. ಹಾಗಾದರೆ ಟೈಪ್ ಅಂದರೆ ಏನು? ಒಬ್ಬರು ಇನ್ನೊಬ್ಬರಿಗೆ ಎಷ್ಟು ತಾಗುತ್ತಾರೆ ಅನ್ನುವುದು. ಎದುರಿಗೆ ಯಾರೂ ಇಲ್ಲದಿದ್ದರೆ ಟೈಪಿಗೆ ಅರ್ಥವೇ ಇಲ್ಲ. ‘ನಾನು ಯಾವ ಟೈಪ್’ ಅಂತ ಒಬ್ಬರೇ ಕೂತು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ‘ಇವರ ಎದುರಿಗೆ ನಾನು ಯಾವ ಟೈಪ್’ ಅಂತ ಕೇಳಿದರೆ ಸಿಗುತ್ತದೆ.

ಕಾಫಿ ಬೆಳೆಯುವ ನಿಮಗೆ ಇದನ್ನು ತೋಟದಿಂದಲೇ ಹೇಳಬಹುದು. ಅರೇಬಿಕಾ ಗಟ್ಟಿಯೋ, ರೋಬಸ್ಟಾ ಗಟ್ಟಿಯೋ? ಇಲ್ಲಿ ಕೂತಿರುವ ಹಿರಿಯರು ಯಾರೂ ಒಂದೇ ಮಾತಿನಲ್ಲಿ ಉತ್ತರ ಕೊಡುವುದಿಲ್ಲ. ‘ಯಾವುದಕ್ಕೆ ಗಟ್ಟಿ?’ ಅಂತ ತಿರುಗಿ ಕೇಳುತ್ತೀರಿ. ಕಾಂಡ ಕೊರೆಯುವ ಬೋರರ್ ಹುಳಕ್ಕೂ ಎಲೆತುಕ್ಕಿಗೂ ಅರೇಬಿಕಾ ಸೋಲುತ್ತದೆ, ರೋಬಸ್ಟಾ ತಡೆದುಕೊಳ್ಳುತ್ತದೆ. ಅದೇ ರೋಬಸ್ಟಾ ಹೂಮಳೆ ತಡವಾದರೆ ಕಂಗಾಲು. ಸ್ಪ್ರಿಂಕ್ಲರ್ ಹಿಡಿದು ಓಡಾಡುವವರು ರೋಬಸ್ಟಾದವರು ತಾನೆ? ಇನ್ನೂ ಒಂದು ಇದೆ. ನೆರಳು ಚೆನ್ನಾಗಿದ್ದ ಕಡೆ ಅರೇಬಿಕಾಕ್ಕೆ ಬೋರರ್ ಕಾಟ ಕಡಿಮೆ. ಗಿಡ ಅದೇ, ಹುಳ ಅದೇ. ಮೇಲೆ ಒಂದು ಮರ ಇದೆ ಅಷ್ಟೇ.

ಆಟದಲ್ಲೂ ಹಾಗೆಯೇ. ಮಳೆ ಬಂದರೆ ವಾಟರ್ ಹೊಡೆತಕ್ಕೆ ಒಂದೂವರೆ ಪಟ್ಟು ಬಲ, ಫೈರ್ ಹೊಡೆತ ಅರ್ಧಕ್ಕೆ ಇಳಿಯುತ್ತದೆ. ಬಿಸಿಲಲ್ಲಿ ಉಲ್ಟಾ. ಆ ಹುಡುಗನ ಅಪ್ಪ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಜುಲೈ ಪೂರ್ತಿ ಆಳುಗಳ ಲೆಕ್ಕ, ಬಿದ್ದ ಮರ, ಕಳಚಿದ ಲೈನ್‌ಮನೆಯ ಹೆಂಚು ಅಂತ ನೆನೆದು ಮನೆಗೆ ಬರುವವರು. ಅವರ ಬೈಗುಳದ ಬಲ ಯಾವ ಹವಾಮಾನದಲ್ಲಿ ಎಷ್ಟು ಅಂತ ಅವನು ಅಳೆದಿರಲಿಲ್ಲ. ಜುಲೈಯ ಅಪ್ಪನನ್ನು ನೋಡಿ ವರ್ಷಪೂರ್ತಿಯ ಅಪ್ಪನ ಹೆಸರು ಬರೆದಿದ್ದ.

ಈವೀ ಎಂಬ ಜೀವಿ ನಿಮಗೆಲ್ಲ ಗೊತ್ತು. ನಾರ್ಮಲ್ ಟೈಪ್. ಅದು ಎಂಟು ಬೇರೆ ಬೇರೆ ರೂಪ ತಾಳಬಲ್ಲದು. ಯಾವ ಕಲ್ಲು ಸಿಕ್ಕಿತು, ಹಗಲೋ ರಾತ್ರಿಯೋ, ಸಾಕಿದವರ ಜೊತೆ ಎಷ್ಟು ಸ್ನೇಹ ಬೆಳೆಯಿತು ಅನ್ನುವುದರ ಮೇಲೆ ಅದು ಏನಾಗುತ್ತದೆ ಅನ್ನುವುದು ನಿಂತಿದೆ. ಮಗುವಿಗೆ ಏಳನೇ ಕ್ಲಾಸಿನಲ್ಲೇ ‘ಇವನು ಕಲ್ಲು’ ಅಂದುಬಿಡುವ ಶಿಕ್ಷಕರನ್ನು ನಾನು ಕಂಡಿದ್ದೇನೆ. ನನ್ನನ್ನೂ ಚಿಕ್ಕಂದಿನಲ್ಲಿ ಒಬ್ಬರು ಹಾಗೆ ಕರೆದಿದ್ದರು. ಎಂಟು ವರ್ಷ ನಾನು ಕಲ್ಲಾಗಿಯೇ ಇದ್ದೆ, ಯಾಕೆಂದರೆ ಅದು ನನ್ನ ಹೆಸರು ಅಂತ ನಂಬಿದ್ದೆ.

ಹಾಕಿಯ ಜಿಲ್ಲೆ ನಮ್ಮದು, ಅದನ್ನೂ ಹೇಳಿಬಿಡುತ್ತೇನೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ನಡುವೆ ಹಾಕಿ ಶುರು ಮಾಡಿದರು. ಒಂದೇ ತಂಡದಲ್ಲಿ ಮಾವ, ಸೊಸೆ, ಅಜ್ಜ, ಮೊಮ್ಮಗ. ಹನ್ನೊಂದು ಜನವೂ ಫಾರ್ವರ್ಡ್ ಆದರೆ ಗೋಲು ಕಾಯುವವರು ಯಾರು? ಪೋಕೆಮಾನ್ ತಂಡದಲ್ಲಿ ಆರು ಜೀವಿಗಳು. ಆಟದಲ್ಲಿ ನಾವು ಸೋಲಿಸಬೇಕಾದ ಜಿಮ್ ನಾಯಕರು ಎಂಬ ಎದುರಾಳಿಗಳು ಒಂದೇ ಟೈಪನ್ನು ಸಾಕುತ್ತಾರೆ. ಬ್ರಾಕ್ ಹತ್ತಿರ ಬರೀ ರಾಕ್, ಮಿಸ್ಟಿ ಹತ್ತಿರ ಬರೀ ವಾಟರ್. ಅದಕ್ಕೇ ಹತ್ತು ವರ್ಷದ ಮಗುವೂ ಅವರನ್ನು ಸೋಲಿಸುತ್ತದೆ. ಮನೆಯಲ್ಲಿ ಎಲ್ಲರೂ ನಿಮ್ಮ ಹಾಗೆಯೇ ಇಲ್ಲ ಅಂತ ಬೇಸರ ಆದಾಗ ಬ್ರಾಕ್‌ನನ್ನು ನೆನಪಿಸಿಕೊಳ್ಳಿ.

ಮತ್ತೆ ಆ ಹುಡುಗನ ಹತ್ತಿರ ಬರುತ್ತೇನೆ. ‘ನೀನು ಹುಳ ಅಲ್ಲ’ ಅಂತ ನಾನು ಹೇಳಲಿಲ್ಲ. ಈ ಇಡೀ ಆಟ ಹುಟ್ಟಿದ್ದೇ ಹುಳಗಳನ್ನು ಪ್ರೀತಿಸಿದ ಒಬ್ಬ ಹುಡುಗನಿಂದ ಅಂತ ಹೇಳಿದೆ. ಅವನಿಗೆ ಅದು ಗೊತ್ತಿರಲಿಲ್ಲ. ಆಮೇಲೆ, ಅಜ್ಜನ ಎದುರಿಗೆ ನೀನು ಯಾವ ಟೈಪ್ ಅಂತ ಕೇಳಿದೆ. ತಟ್ಟನೆ ಹೇಳಿದ. ‘ಅಜ್ಜ ವಾಟರ್ ಟೀಚರ್, ನಾನು ಎಲೆಕ್ಟ್ರಿಕ್. ನಾನು ಹೋದ್ರೆ ಮಲಗಿದ್ದವರು ಎದ್ದು ಕೂರ್ತಾರೆ.’ ಎಲೆಕ್ಟ್ರಿಕ್ ವಾಟರ್‌ಗೆ ಎಷ್ಟು ತಾಗುತ್ತದೆ? ಡಬಲ್. ಅದು ಅವನ ಬಾಯಿಂದಲೇ ಬಂತು. ತಾಗುವುದು ಅಂದರೆ ನೋವು ಮಾತ್ರ ಅಲ್ಲ ಅಂತ ನಮ್ಮಿಬ್ಬರಿಗೂ ಒಟ್ಟಿಗೆ ಹೊಳೆದ ಕ್ಷಣ ಅದು. ನಿನ್ನ ಒಳ್ಳೆಯ ಮಾತೂ ಅಮ್ಮನಿಗೆ ಡಬಲ್ ತಾಗಬೇಕಲ್ಲ, ನೋಡು ಅಂದೆ.

ಸೋಮವಾರ ಬಂದ. ‘ಕಣಿಲೆ ಪಲ್ಯ ಚೆನ್ನಾಗಿದೆ ಅಂದೆ ಟೀಚರ್. ಅಮ್ಮ ಇನ್ನೊಂದು ಸೌಟು ಹಾಕಿ ಹತ್ರಾನೇ ಕೂತ್ಕೊಂಡ್ರು.’

ನೋಟ್‌ಬುಕ್ಕಿನ ಹಳೆಯ ಕೋಷ್ಟಕವನ್ನು ಅವನು ಹೊಡೆದುಹಾಕಿದ್ದ. ಕೆಳಗೆ ಹೊಸದು, ಬರೀ ಐದು ಸಾಲು, ಐದು ಕಂಬ. ಟೈಪ್‌ಗಳ ಹೆಸರು ಒಂದೂ ಇಲ್ಲ. ಅಪ್ಪ, ಅಮ್ಮ, ಅಜ್ಜ, ತಂಗಿ, ನಾನು. ಅಮ್ಮನ ಚೌಕದಲ್ಲಿ ಎರಡು ಅಂತ ದಪ್ಪವಾಗಿ ಬರೆದಿದ್ದ. ಅವನಿಂದ ಅಪ್ಪನಿಗೆ ಹೋಗುವ ಚೌಕದಲ್ಲಿ ಅರ್ಧವನ್ನು ಅಳಿಸಿ ಒಂದು ಅಂತ ಪೆನ್ಸಿಲ್ಲಿನಲ್ಲಿ ಬರೆದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ.